ರಸ್ತೆಗೆ ಅಂಟುವಾಳದ ನೀರು

ಕೊಳ್ಳೇಗಾಲ,
೧೪-೩-೧೯೬೮

ಪ್ರೀತಿಯ ಸೊಸೆ ವಸಂತಳಿಗೆ,

ನಿನ್ನ ಅತ್ತೆ ಮಹದೇವಮ್ಮ ಬರೆಯುವುದು. ತಾಯಿ ಚೌಡೇಶ್ವರಿ ನಿನ್ನನ್ನೂ ಕೂಸನ್ನೂ ತಣ್ಣಗಿಟ್ಟಿರಲಿ.

ಮೊದಲು ನಿನ್ನ ಮೈ ಹೇಗಿದೆ ಹೇಳು. ಸೊಂಟದ ನೋವು ಇಳಿಯಿತೇ? ಹಿಪ್ಪಲಿ ಕಷಾಯ ಕುಡಿಯುತ್ತಿದ್ದೀಯೋ, ಇಲ್ಲಾ ನಿಮ್ಮಮ್ಮ ಆ ಕಡೆ ತಿರುಗಿದ ಕೂಡಲೇ ಗಿಡದ ಬುಡಕ್ಕೆ ಸುರಿಯುತ್ತಿದ್ದೀಯೋ? ವೆಂಕಟಸ್ವಾಮಿಯನ್ನು ಹೆತ್ತಾಗ ನಾನು ಅದನ್ನೇ ಮಾಡುತ್ತಿದ್ದೆ, ಅದಕ್ಕೇ ಕೇಳಿದೆ. ಕೂಸಿಗೆ ಮೂರು ತಿಂಗಳು ತುಂಬಿತು. ಕತ್ತು ನಿಂತಿರಬೇಕು. ಮುಖ ನೋಡಿ ನಗುತ್ತದೆಯೇ? ನಾಮಕರಣದ ದಿನ ನೋಡಿದಾಗ ಮೂಗು ನಮ್ಮ ಕಡೆಯದು, ಹಟ ನಿಮ್ಮ ಕಡೆಯದು ಅಂದಿದ್ದೆ. ಹಟ ಎರಡೂ ಕಡೆಯದು ಅಂತ ನಿನ್ನ ಮಾವನವರು ದಾರಿಯಲ್ಲಿ ತಿದ್ದಿದರು. ಬೀಗಿತ್ತಿ ಶಿವರತ್ನಮ್ಮನವರ ಮಂಡಿ ಹೇಗಿದೆ? ಅವರಿಗೆ ನನ್ನ ನಮಸ್ಕಾರ ಹೇಳು.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಮಾವನವರ ಕೆಮ್ಮು ಹೋಯಿತು. ನಿನ್ನ ಗಂಡ ವೆಂಕಟಸ್ವಾಮಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ, ಮಗ್ಗಕ್ಕೆ ಇಳಿಯುತ್ತಾನೆ, ಆದರೆ ಉಂಡದ್ದು ಏನು ಅಂತ ಕೇಳಿದರೆ ಗೊತ್ತಿರುವುದಿಲ್ಲ. ಮೊನ್ನೆ ಬೇಕೆಂದೇ ಉಪ್ಪಿಲ್ಲದ ಸಾರು ಬಡಿಸಿದೆ. ಎರಡು ಸಲ ಹಾಕಿಸಿಕೊಂಡು ಉಂಡು, ಕೈ ತೊಳೆದು ಹೋದ. ಇದಕ್ಕಿಂತ ಹೆಚ್ಚು ನಾನು ಏನೂ ಬರೆಯಬೇಕಾಗಿಲ್ಲ, ನಿನಗೆ ಅರ್ಥವಾಗುತ್ತದೆ.

ನನ್ನ ಅಕ್ಷರ ಕಂಡು ನಗಬೇಡ. ಕೊಳ್ಳೇಗಾಲ ಮದರಾಸಿಗೆ ಸೇರಿದ್ದ ಕಾಲದಲ್ಲಿ ನಾಲ್ಕನೇ ಕ್ಲಾಸು ಓದಿದವಳು ನಾನು, ಒತ್ತಕ್ಷರ ಬಂದ ಕಡೆಯೆಲ್ಲ ಈಗಲೂ ಕೈ ತಡವರಿಸುತ್ತದೆ. ಯಾವಾಗಲೂ ನಮ್ಮ ಕಾಗದ ವೆಂಕಟಸ್ವಾಮಿಯೇ ಬರೆಯುವುದು. ಇದನ್ನು ಮಾತ್ರ ಅವನ ಕೈಲಿ ಬರೆಸಲು ಮನಸ್ಸು ಬರಲಿಲ್ಲ. ಗಂಡಸರಿಬ್ಬರೂ ಮಗ್ಗದ ಕುಣಿಯಲ್ಲಿದ್ದಾರೆ, ನಾನು ಪಡಸಾಲೆಯ ಕಂಬಕ್ಕೆ ಒರಗಿ ಅವನ ಹಳೇ ನೋಟುಪುಸ್ತಕದ ಹಾಳೆ ಹರಿದು ಬರೆಯುತ್ತಿದ್ದೇನೆ. ಪಕ್ಕದ ಮನೆ ಕೆಂಪನಂಜಪ್ಪ ಹನೂರು ಸಂತೆಗೆ ಬರುವವನು, ಅವನ ಕೈಗೇ ಕೊಡುತ್ತೇನೆ.

ಹೋದ ಸಂತೆಗೆ ಬಂದಾಗ ಅವನು ನಿಮ್ಮ ಮನೆಗೂ ಬಂದಿದ್ದನಲ್ಲ. ಯುಗಾದಿಗೆ ಯಾವಾಗ ಬರುತ್ತಾಳೆ ಕೇಳಿಕೊಂಡು ಬಾ ಅಂತ ನಾನೇ ಹೇಳಿದ್ದೆ. ವಾಪಸ್ಸು ಬಂದು ಬಾಗಿಲಲ್ಲೇ ನಿಂತು, "ಮಗೀಗೆ ಆರ್ ತಿಂಗ್ಳಾಗ್ಲಿ, ಆಮೇಕೆ ನೋಡುವಾ ಅಂದ್ಲು ಕಣಕ್ಕ" ಅಂದ. ಆರು ತಿಂಗಳು ಅಂದದ್ದಕ್ಕೆ ನನಗೆ ಬೇಜಾರಿಲ್ಲ. ಚೊಚ್ಚಲು ಬಾಣಂತಿ ತವರಿನಲ್ಲಿ ಐದು ತಿಂಗಳು ಇರುವುದೂ ಉಂಟು. ಆ "ನೋಡುವಾ" ಅಂದೆಯಲ್ಲ, ಅದು ನನ್ನ ಎದೆಗೆ ನಾಟಿತು. ಬರುತ್ತೇನೆ ಅನ್ನುವವಳು ನೋಡುವಾ ಅನ್ನುವುದಿಲ್ಲ. ನಿನ್ನ ಗಂಡನೂ ಅದನ್ನು ಕೇಳಿಸಿಕೊಂಡ, ಒಳಗೆ ಹೋಗಿ ಲಾಳಿ ಹಿಡಿದು ಕೂತ, ಲಾಳಿ ಓಡಿದ ಸದ್ದು ಮಾತ್ರ ಕೇಳಲಿಲ್ಲ.

ಯಾಕೆ ಹಾಗಂದೆ ಅಂತ ನನಗೆ ಗೊತ್ತಿಲ್ಲದೆ ಇಲ್ಲ. ನಾಮಕರಣಕ್ಕೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ನಿನ್ನ ತಲೆ. ಬಾಣಂತಿ ತಲೆ ಅಂದರೆ ಎಣ್ಣೆ ಸುರಿಯುತ್ತಿರಬೇಕು. ನಿನ್ನದು ತೆಂಗಿನ ನಾರಿನ ಹಾಗೆ ಒಣಗಿ ಕೆಂಚಗಾಗಿತ್ತು. ನಿಮ್ಮಮ್ಮ ನನ್ನನ್ನು ಅಡುಗೆಮನೆಗೆ ಕರೆದು, "ಒಂದ್ ತೊಟ್ಟೂ ಹಚ್ಚುಸ್ಕಳಲ್ಲ ಕಣ್ರೀ ಬೀಗಿತ್ತಿ, ನಾನೇನ್ ಮಾಡ್ಲಿ" ಅಂತ ಕಣ್ಣಲ್ಲಿ ನೀರು ಹಾಕಿಕೊಂಡರು. ನನಗೆ ಬಾಯಿ ಬರಲಿಲ್ಲ. ಬಾಯಿ ಬರಲಿಲ್ಲ ಅಂದರೆ ನಮ್ಮ ಬೀದಿಯಲ್ಲಿ ಯಾರೂ ನಂಬುವುದಿಲ್ಲ, ನೀನಾದರೂ ನಂಬು. ಹನೂರಿನಿಂದ ಕೊಳ್ಳೇಗಾಲದವರೆಗೆ ಹದಿನೈದು ಮೈಲಿ ಬಸ್ಸಿನಲ್ಲಿ ಒಂದು ಮಾತಾಡದೆ ಬಂದೆ. ಮಾವನವರು ಜ್ವರವೇನೋ ಅಂತ ಹಣೆ ಮುಟ್ಟಿ ನೋಡಿದರು.

ಹೋದ ಶ್ರಾವಣದ ಆ ಬೆಳಗ್ಗೆಯನ್ನು ನೀನು ಮರೆತಿಲ್ಲ, ನಾನೂ ಮರೆತಿಲ್ಲ. ನಿಂಬೆ ಹಳದಿ ಸೀರೆ, ಕೆಂಪಂಚು, ವರಮಹಾಲಕ್ಷ್ಮಿ ಹಬ್ಬಕ್ಕೆಂದು ವ್ಯಾಪಾರಿ ಹೇಳಿ ಮಾಡಿಸಿದ್ದು. ಅವನು ಬಾಗಿಲಿಗೆ ಬಂದು ಸೀರೆಯನ್ನು ಬೆಳಕಿಗೆ ಹಿಡಿದ. ಒಂದು, ಎರಡು, ಮೂರು ಅಂತ ಬೆರಳಿಟ್ಟು ತೋರಿಸುತ್ತ ಹೋದ. ಏಳು ಚುಕ್ಕೆ. "ಎಣ್ಣೆ ಬಿದ್ದದೆ ಕಣಮ್ಮಾ" ಅಂತ ಮಡಿಚಿ ನನ್ನ ಕೈಗಿಟ್ಟು ಹೋದ. ಮೂವತ್ತು ವರ್ಷ ಈ ಮನೆ ಸೀರೆಯ ಮೇಲೆ ಯಾರೂ ಬೆರಳಿಟ್ಟು ತೋರಿಸಿರಲಿಲ್ಲ. ತಿರುಗಿ ನೋಡುತ್ತೇನೆ, ನೀನು ಜಗಲಿಯ ಮೇಲೆ ಕೂತು ರಾಟೆಯಲ್ಲಿ ನೂಲು ಸುತ್ತುತ್ತಿದ್ದೀಯೆ, ಆಗತಾನೇ ತಲೆಗೆ ನಿಮ್ಮೂರ ಹರಳೆಣ್ಣೆ ತಟ್ಟಿಕೊಂಡಿದ್ದೀಯೆ, ಜಡೆಯ ತುದಿಯಲ್ಲಿ ಹೊಳೆಯುತ್ತಿದೆ. ನನಗೆ ಅಷ್ಟೇ ಸಾಕಾಯಿತು. ಇಡೀ ಬೀದಿ ಉದ್ದೆಳೆ ಬಿಗಿಯುವ ಹಾಸಿನ ಕೆಲಸಕ್ಕೆ ನಿಂತಿದ್ದಾಗ, ಅಷ್ಟೂ ಜನರ ಮುಂದೆ, ಐದು ತಿಂಗಳ ಬಸುರಿಯನ್ನು ನಿಲ್ಲಿಸಿಕೊಂಡು, ಎಣ್ಣೆತಲೆಯವಳು ಮನೆಗೆ ಬಂದಳು, ರೇಷ್ಮೆಗೆ ಗ್ರಹಚಾರ ಬಂತು ಅಂದೆ. ಇನ್ನೂ ಏನೇನೋ ಅಂದೆ. ಬರೆಯಲು ನಾಚಿಕೆಯಾಗುತ್ತದೆ, ಅನ್ನುವಾಗ ಮಾತ್ರ ಆಗಲಿಲ್ಲ.

ನೀನು ಒಂದೇ ಮಾತು ಹೇಳಿದೆ. "ಅತ್ತೆ, ರಸ್ತೆ ಧೂಳೇ ಒಂಥರಾ ಎಣ್ಣೆ ವಾಸ್ನೆ ಒಡೀತದೆ, ಒಸಿ ನೋಡಿ" ಅಂದೆ. ನಾನು ಕುಣಿಯಲಾರದವಳಿಗೆ ನೆಲ ಡೊಂಕು ಅಂದೆ. ಎಲ್ಲರೂ ನಕ್ಕರು. ಅವತ್ತಿನಿಂದ ನೀನು ತಲೆಗೆ ಎಣ್ಣೆ ಮುಟ್ಟಿಸಲಿಲ್ಲ. ಆಮೇಲೆ ಮಳೆ ಹಿಡಿಯಿತು, ಎರಡು ಮೂರು ಸೀರೆ ಚುಕ್ಕೆಯಿಲ್ಲದೆ ಇಳಿದವು. ನೋಡಿದಿರಾ, ಇವಳು ಎಣ್ಣೆ ಬಿಟ್ಟಳು, ಚುಕ್ಕೆಯೂ ಬಿಟ್ಟಿತು ಅಂತ ನಾನು ಬಾವಿಕಟ್ಟೆಯಲ್ಲಿ ಹೇಳಿಕೊಂಡು ತಿರುಗಿದೆ. ನೀನು ಕೇಳಿಸಿಕೊಂಡೆ ಅಂತ ನನಗೆ ಗೊತ್ತು. ದಸರೆ ಕಳೆದ ಮೇಲೆ ಹೆರಿಗೆಗೆ ಹೊರಟಾಗ ನನ್ನ ಕಾಲಿಗೆ ಬಿದ್ದು ಎದ್ದೆಯೇ ಹೊರತು ನನ್ನ ಮುಖ ನೋಡಲಿಲ್ಲ.

ಈಗ ಇಲ್ಲಿಯ ಸುದ್ದಿ ಕೇಳು. ಸಂಕ್ರಾಂತಿ ಮುಗಿದ ವಾರ. ಹಾಲಿನ ಕೆನೆ ಬಣ್ಣದ ಹಾಸು. ನಮ್ಮ ಕೆಲಸ ನಿನಗೆ ಗೊತ್ತಿರುವುದೇ. ಬಿಸಿಲೇರುವ ಮುಂಚೆ ಬೀದಿಯ ಆ ಗೂಟದಿಂದ ಈ ಗೂಟಕ್ಕೆ ಸೀರೆಯ ಉದ್ದೆಳೆಯೆಲ್ಲ ಬಿಗಿದು, ತೆಳ್ಳಗೆ ಗಂಜಿ ಬಳಿದು, ಕುಂಚದಲ್ಲಿ ಎಳೆ ಬಿಡಿಸುತ್ತ ಹೋಗುವುದು. ಮನೆಯೊಳಗೆ ಅಷ್ಟುದ್ದ ಜಾಗ ಯಾವ ನೇಕಾರನಿಗಿದೆ? ನಮ್ಮ ಅಜ್ಜಂದಿರ ಕಾಲದಿಂದ ಬೀದಿಯೇ ನಮ್ಮ ಹಜಾರ. ಹಾಸು ಒಣಗುವ ಹೊತ್ತಿಗೆ ಪಾಲಾರ್ ಕಡೆಯಿಂದ ಬಿದಿರು ಹೇರಿಕೊಂಡು ಬಂದ ಎರಡು ಲಾರಿ ಬೀದಿಯ ತಿರುವಿನಲ್ಲಿರುವ ಶಿವಮಲ್ಲಪ್ಪನ ಲಾರಿ ಶೆಡ್ಡಿಗೆ ಹೊರಳಿದವು. ಧೂಳೆದ್ದಿತು, ನಾವು ಸೆರಗು ಮುಚ್ಚಿಕೊಂಡು ಬೈದೆವು, ಧೂಳು ಕೂತಿತು. ಮಾವನವರು ಬಗ್ಗಿ ನೋಡಿ, "ಮಾದೇವಿ, ಬಾಯಿಲ್ಲಿ" ಅಂದರು. ಅವರು ನನ್ನನ್ನು ಹೆಸರು ಹಿಡಿದು ಕರೆದರೆ ಏನೋ ಕೆಟ್ಟಿದೆ ಅಂತಲೇ. ನೋಡಿದರೆ ಚುಕ್ಕೆ! ಒಂದಲ್ಲ ಎರಡಲ್ಲ, ಅಕ್ಕಿ ಚೆಲ್ಲಿದ ಹಾಗೆ. ಎಣ್ಣೆತಲೆಯವಳು ಹದಿನೈದು ಮೈಲಿ ದೂರದಲ್ಲಿ ಹನೂರಿನಲ್ಲಿ ಕೂಸಿಗೆ ಹಾಲೂಡುತ್ತಿದ್ದಾಳೆ, ಇಲ್ಲಿ ಹಾಸಿನ ಮೇಲೆ ಎಣ್ಣೆ! ಮಾವನವರು ನನ್ನ ಮುಖ ನೋಡಿ, ಮತ್ತೆ ಬಗ್ಗಿ ಚುಕ್ಕೆ ಎಣಿಸತೊಡಗಿದರು. ಬೈದಿದ್ದರೆ ಸುಖವಾಗಿರುತ್ತಿತ್ತು.

ನಾನು ಚುಕ್ಕೆಯ ಮೇಲೆ ಬೆರಳಾಡಿಸಿದೆ. ಜಿಡ್ಡು, ಒಳಗೆ ಸಣ್ಣ ಮರಳು ಚುರುಚುರು ಅಂತು. ಹರಳೆಣ್ಣೆಯಲ್ಲಿ ಮರಳೆಲ್ಲಿಂದ ಬರಬೇಕು? ಕಿಟಕಿಯ ಮೇಲಿನ ಧೂಳನ್ನು ಒಂದು ಹಿಡಿ ಬಳಿದು ತಂಬಿಗೆ ನೀರಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ನವಿಲಿನ ಕತ್ತಿನ ಬಣ್ಣ ತೆಳ್ಳಗೆ ಹರಡಿತು. ಮೂಗಿಗೆ ಹಿಡಿದರೆ ಲಾರಿಯ ವಾಸನೆ. ಅಲ್ಲೇ ಕಟ್ಟೆಯ ಮೇಲೆ ತಂಬಿಗೆ ಹಿಡಿದುಕೊಂಡು ಕೂತುಬಿಟ್ಟೆ. ನೀನು ಶ್ರಾವಣದಲ್ಲಿ ಮೂಗಿನಿಂದ ಕಂಡದ್ದನ್ನು ನಾನು ಪುಷ್ಯದಲ್ಲಿ ಕಣ್ಣಿನಿಂದ ಕಂಡೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ, ನಿನ್ನ ಕಾಲ ಇಷ್ಟು ಬೇಗ ಬಂತು ನೋಡು.

ಮಾವನವರು ನಾಲ್ಕು ಜನರನ್ನು ಕರೆದುಕೊಂಡು ಶೆಡ್ಡಿಗೆ ಹೋದರು. ನಾನೂ ಹಿಂದೆ ಹೋದೆ. ಶಿವಮಲ್ಲಪ್ಪ ಧನಗೆರೆಯ ಕಡೆಯ ಒಕ್ಕಲು ಮನೆತನದವನು, ಒಳ್ಳೆಯವನು, ಲಾರಿ ರಿಪೇರಿ ಶೆಡ್ಡು ಹಾಕಿ ವರ್ಷವಾಗಿಲ್ಲ. ಲಾರಿಯಿಂದ ತೆಗೆದ ಸುಟ್ಟ ಆಯಿಲ್ಲನ್ನು ಏನು ಮಾಡುತ್ತೀಯಪ್ಪ ಅಂತ ಕೇಳಿದರೆ, ಮುಚ್ಚುಮರೆ ಇಲ್ಲದೆ, "ರಸ್ತೆಗೇ ಒಯ್ಸ್‌ತೀನಿ ಸಾ, ಧೂಳು ಕುಂತ್ಕಳ್ಳಿ ಅಂತ" ಅಂದ. ಆಷಾಢದ ಗಾಳಿಯಲ್ಲಿ ಧೂಳೆದ್ದಾಗ ಹೊಯ್ಸಿದನಂತೆ, ಮಳೆಗಾಲದಲ್ಲಿ ಬಿಟ್ಟನಂತೆ, ಸಂಕ್ರಾಂತಿಗೆ ರಸ್ತೆ ಒಣಗಿತು ಅಂತ ಮತ್ತೆ ಎರಡು ಡಬ್ಬ ಹೊಯ್ಸಿದನಂತೆ. ನಾಲ್ಕು ದಿನ ಧೂಳು ಕೂರುವುದೇನೋ ನಿಜ. ಐದನೇ ದಿನ ಅದೇ ಧೂಳು ಎಣ್ಣೆ ಕುಡಿದುಕೊಂಡು ಏಳುತ್ತದೆ. "ಇಂಥಾ ಬುದ್ಧಿ ನಿನಗೆ ಹೇಳಿದ್ದು ಯಾರಯ್ಯಾ" ಅಂತ ಮಾವನವರು ಕೇಳಿದರು. ಅವನು ತಲೆ ಕೆರೆದುಕೊಂಡು, "ಯಾರೋ ಏಳುದ್ರು ಬುಡಿ ಸಾ, ಒಳ್ಳೇದುಕ್ಕೇ ಏಳುದ್ರು" ಅಂದ. ಇನ್ನು ಒಂದು ತೊಟ್ಟೂ ಹೊಯ್ಸುವುದಿಲ್ಲ ಅಂತ ದೇವರ ಮೇಲೆ ಆಣೆಯಿಟ್ಟ. ಲಾರಿಯ ಕೆಳಗೆ ಡಬ್ಬವಿಟ್ಟು ಹಿಡಿಯುತ್ತೇನೆ ಅಂದ, ಹಾಗೇ ಮಾಡಿದ.

ಆದರೆ ಆಗಲೇ ಹೊಯ್ದದ್ದು ಎಲ್ಲಿಗೆ ಹೋಗುತ್ತದೆ? ಗುಡಿಸಿದರೆ ಏಳುತ್ತದೆ. ನೀರು ಚೆಲ್ಲಿದರೆ ಕೆಸವಿನೆಲೆಯ ಮೇಲಿನ ಹಾಗೆ ನೀರು ಮುತ್ತುಗಟ್ಟಿ ಉರುಳುತ್ತದೆ, ಒಳಗಿಳಿಯುವುದಿಲ್ಲ. ಹಾಸು ಬಿಗಿಯುವುದನ್ನೇ ನಿಲ್ಲಿಸಿದೆವು. ಹತ್ತು ದಿನ ನಮ್ಮ ಬೀದಿಯ ಮಗ್ಗಗಳು ಕಡ ತಂದ ಹಾಸಿನಲ್ಲೇ ನಡೆದವು. ಕೆಂಪನಂಜಪ್ಪ ರಸ್ತೆಯನ್ನೇ ಅಗೆದು ಹಾಕೋಣ ಅಂದ. ರಸ್ತೆ ನಿಮ್ಮಪ್ಪನದಾ ಅಂತ ಮಾವನವರು ಕೇಳಿದರು.

ಒಂದು ಶುಕ್ರವಾರ ತಲೆಗೆ ನೀರು ಹಾಕಿಕೊಳ್ಳಲೆಂದು ಅಟ್ಟದ ಮೇಲಿಂದ ಅಂಟುವಾಳದ ಚೀಲ ಇಳಿಸಿದೆ. ನಿನ್ನ ಸೀಮಂತಕ್ಕೆ ಬಂದಾಗ ನಿಮ್ಮಮ್ಮ ತಂದದ್ದು, ನಿಮ್ಮ ಕಡೆ ಕಾಡಿನ ಕಾಯಿ, ಗೋಲಿಯಷ್ಟು ದಪ್ಪ. ನೀನು ಅದನ್ನು ಇಲ್ಲೇ ಬಿಟ್ಟು ಹೋಗಿದ್ದೆ. ಎಣ್ಣೆಯೇ ಹಚ್ಚದವಳಿಗೆ ಅಂಟುವಾಳ ಯಾಕೆ ಅಂತ ಬಿಟ್ಟೆಯೋ ಏನೋ. ಸ್ನಾನ ಮುಗಿಸಿ ಉಳಿದ ನೊರೆ ನೀರನ್ನು ಬಾಗಿಲ ಮುಂದೆ ಚೆಲ್ಲಿದೆ. ಬೀದಿಯಿಂದ ಬಂದ ನನ್ನ ಅಂಗಾಲು ಯಾವತ್ತೂ ಕರ್ರಗೆ ಜಿಡ್ಡಾಗಿರುತ್ತಿತ್ತು, ಕಲ್ಲಿಗೆ ಉಜ್ಜಿದರೂ ಹೋಗುತ್ತಿರಲಿಲ್ಲ. ಆ ನೊರೆಯಲ್ಲಿ ಕಾಲಿಟ್ಟು ತೆಗೆದರೆ ಬೆಳ್ಳಗಾಗಿತ್ತು. ಬಗ್ಗಿ ನೋಡುತ್ತೇನೆ, ನೀರು ಬಿದ್ದ ಕಡೆ ನೆಲದಿಂದ ಕಂದು ನೊರೆ ಎದ್ದು ಬಂದಿದೆ, ಅದರ ಮೇಲೆ ಕರೀ ಜಿಡ್ಡು ತೇಲುತ್ತಿದೆ. ಒದ್ದೆ ತಲೆಯಲ್ಲೇ ಕೂಗಿಕೊಂಡೆ. ಮಾವನವರು ಹಾವು ಬಂತೇನೋ ಅಂತ ದೊಣ್ಣೆ ತಂದರು. ಅವರಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ರೇಷ್ಮೆ ಜಿಡ್ಡು ಬುಡುಸೋದೇ ಅಂಟುವಾಳ, ರಸ್ತೆ ಜಿಡ್ಡಿಗೆ ಬ್ಯಾರೆ ಏನ್ ಬೇಕು" ಅಂದರು. ಅಷ್ಟು ಸುಲಭದ ಮಾತು ಇಷ್ಟು ದಿನ ಯಾವ ನೇಕಾರನ ತಲೆಗೂ ಬಂದಿರಲಿಲ್ಲ.

ಮೊದಲ ದಿನ ಕೆಲಸ ಕೆಟ್ಟಿತು. ನನ್ನ ಬುದ್ಧಿ ಗೊತ್ತಲ್ಲ, ಒಂದೇ ಸಲಕ್ಕೆ ಆಗಬೇಕು. ಬಣ್ಣ ಕಾಯಿಸುವ ಹಂಡೆಯಲ್ಲಿ ಎರಡು ಸೇರು ಅಂಟುವಾಳ ಕುದಿಸಿ, ಬಿಸಿಬಿಸಿ ನೀರನ್ನು ಹಾಗೇ ರಸ್ತೆಗೆ ಸುರಿದೆ. ಮೊಣಕಾಲಿನವರೆಗೆ ನೊರೆ! ಹಾಲಿನವನ ಸೈಕಲ್ಲು ಜಾರಿತು, ಅವನು ಒಂದು ಕಡೆ, ಕ್ಯಾನು ಒಂದು ಕಡೆ. ನೊರೆ ಯಾವುದು ಹಾಲು ಯಾವುದು ತಿಳಿಯಲಿಲ್ಲ. ಶೆಡ್ಡಿನ ಮೆಕ್ಯಾನಿಕ್ಕು ಮಾದಣ್ಣ ಸೊಂಟ ಹಿಡಿದುಕೊಂಡು ನಕ್ಕು, "ಅಮ್ಮೋ, ರಸ್ತೆಗೇ ತಲೆಗ್ ನೀರ್ ಆಕ್ಬುಟ್ರಲ್ಲಾ! ಹಂಗೇ ಸಾಂಬ್ರಾಣಿ ಒಗೆನೂ ಆಕ್ಬುಡಿ, ಶೀತ ಆದಾತು!" ಅಂದ. ಬೀದಿಗೆ ಬೀದಿಯೇ ನಕ್ಕಿತು. ಜನರ ಮುಂದೆ ನಗೆಗೀಡಾಗುವುದು ಹೇಗಿರುತ್ತದೆ ಅಂತ ಆಗ ತಿಳಿಯಿತು. ನನಗಾದರೆ ತಿರುಗಿ ಬೈಯುವ ಬಾಯಿತ್ತು, ಮಾದಣ್ಣನಿಗೆ ಅವನ ಅಜ್ಜನವರೆಗೂ ಹೋಗಿ ಬಂದೆ. ನಿನಗೆ ಶ್ರಾವಣದಲ್ಲಿ ಅದೂ ಇರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ನಿನ್ನ ಗಂಡ ತಾನಾಗಿಯೇ ಬಾಯಿಬಿಟ್ಟ. ತಿಂಗಳ ಮೇಲೆ ಅದೇ ಮೊದಲು. "ಅವ್ವಾ, ರೇಷ್ಮೆನ ಒಂದೇ ನೀರ್ನಲ್ಲಿ ತೊಳುದ್ಬುಟ್ಟೀಯಾ ನೀನು?" ಅಂದ. ಸರಿ ಅನ್ನಿಸಿತು. ರೇಷ್ಮೆಗೆ ಮೂರು ನೀರು, ರಸ್ತೆಗೂ ಮೂರು ನೀರು ಆಗಬೇಕು. ಮಾರನೇ ದಿನ ಬೀಜ ತೆಗೆದು, ಸಿಪ್ಪೆ ನೆನೆಸಿ, ಕಿವುಚಿ, ಸೋಸಿ, ಆರಿದ ನೀರನ್ನು ಚೊಂಬಿನಲ್ಲಿ ಹಿಡಿದು ಅಂಗಳಕ್ಕೆ ಸಗಣಿ ನೀರು ಚಿಮುಕಿಸುವ ಹಾಗೆ ಚಿಮುಕಿಸಿದೆವು. ಒಂದು ಎಲೆಯಡಿಕೆ ಹಾಕಿ ಮುಗಿಸುವಷ್ಟು ಹೊತ್ತು ನೆನೆಯಲು ಬಿಟ್ಟು, ಕಡ್ಡಿ ಪೊರಕೆಯಲ್ಲಿ ಉಜ್ಜಿದೆವು. ಎದ್ದ ರಾಡಿಯ ಮೇಲೆ ಭತ್ತದ ಹೊಟ್ಟು ಉದುರಿಸಿದರೆ ಅದೆಲ್ಲ ಕುಡಿದುಕೊಳ್ಳುತ್ತದೆ, ಸಲಿಕೆಯಲ್ಲಿ ಬಳಿದು ಗುಂಡಿಗೆ ಹಾಕುವುದು. ಬಾವಿಯಿಂದ ದೂರ, ಶೆಡ್ಡಿನ ಹಿಂದೆ ಶಿವಮಲ್ಲಪ್ಪನೇ ಗುಂಡಿ ತೋಡಿಸಿಕೊಟ್ಟ. ಮೂರು ಸಂಜೆ ಹೀಗೆ. ಮೂರನೇ ಸಂಜೆ ಪೊರಕೆ ಹಿಡಿದು ಬಂದವನು ಯಾರು ಗೊತ್ತೇ? ಮಾದಣ್ಣ. "ನಗಾಡ್ದೋನು ನಾನೇ, ಗುಡ್ಸೋನೂ ನಾನೇ, ಕೊಡಿ ಇತ್ಲಾಗೆ" ಅಂತ ನನ್ನ ಕೈಯಿಂದ ಕಿತ್ತುಕೊಂಡ. ಅವನ ಅಜ್ಜನಿಗೆ ಅಂದ ಮಾತನ್ನೆಲ್ಲ ಮನಸ್ಸಿನಲ್ಲೇ ವಾಪಸ್ಸು ತೆಗೆದುಕೊಂಡೆ.

ಆಯಿತು ಅಂತ ಬಾಯಲ್ಲಿ ಹೇಳಿದರೆ ನೇಕಾರ ಒಪ್ಪುವುದಿಲ್ಲ. ಮಾವನವರು ಬಿಳಿ ರೇಷ್ಮೆಯ ಎರಡು ಚೂರು ತೆಗೆದು, ಒಂದನ್ನು ತೊಳೆದ ಕಡೆಯ ಗೂಟಕ್ಕೆ, ಇನ್ನೊಂದನ್ನು ಇನ್ನೂ ತೊಳೆಯದ ತಿರುವಿನ ಗೂಟಕ್ಕೆ ಕಟ್ಟಿ ಇಡೀ ದಿನ ಬಿಟ್ಟರು. ಸಂಜೆ ಎರಡನ್ನೂ ಅಂಗೈ ಮೇಲೆ ಹರವಿ ತಂದರು. ತಿರುವಿನದು ಮಚ್ಚೆ ಬಿದ್ದ ಕೋಳಿಯ ರೆಕ್ಕೆಯ ಹಾಗೆ ಚುಕ್ಕೆ ಚುಕ್ಕೆ. ನಮ್ಮ ಬಾಗಿಲಿನದರ ಮೇಲೂ ಧೂಳು ಕೂತಿತ್ತು, ಇಲ್ಲ ಅನ್ನುವುದಿಲ್ಲ, ರಸ್ತೆ ಅಂದ ಮೇಲೆ ಧೂಳು ಇರುತ್ತದೆ. ಆದರೆ ಒಂದು ಸಲ ಕೊಡವಿದರೆ ಉದುರಿತು, ಕಲೆಯಿಲ್ಲ. ನಾನು ಆ ಚೂರನ್ನು ಕಣ್ಣಿಗೆ ಒತ್ತಿಕೊಂಡೆ. ಆಮೇಲೆ ತಿರುವಿನವರೆಗೂ ತೊಳೆದೆವು. ಈಗ ಬೀದಿಯ ಹೆಂಗಸರು ಸರದಿ ಹಾಕಿಕೊಂಡಿದ್ದೇವೆ, ವಾರಕ್ಕೊಂದು ಸಂಜೆ ಒಂದೊಂದು ಮನೆಯ ಹಂಡೆ. ಹಾಲಿನವನು ಮಾತ್ರ ಈಗಲೂ ನಮ್ಮ ಬೀದಿಯಲ್ಲಿ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡೇ ಬರುತ್ತಾನೆ.

ಹೋದ ವಾರ ಮೊದಲ ಸೀರೆ ಇಳಿಯಿತು. ಆ ವ್ಯಾಪಾರಿಯೇ ಬಂದಿದ್ದ. ಬೆಳಕಿಗೆ ಹಿಡಿದ, ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ, ಮೂಸಿಯೂ ನೋಡಿದ. ಬೆರಳಿಡಲು ಜಾಗ ಸಿಗಲಿಲ್ಲ. "ಏನ್ ಮಾಡುದ್ರಿ" ಅಂತ ಕೇಳಿದ. ನನ್ನ ಸೊಸೆ ಮೊದಲೇ ಹೇಳಿದ್ದಳು, ನಾವು ತಡವಾಗಿ ಕೇಳಿದೆವು ಅಂದೆ. ನಿನ್ನ ಗಂಡ ಕುಣಿಯಿಂದ ತಲೆ ಎತ್ತಿ ನನ್ನನ್ನು ನೋಡಿದ. ಆ ಒಂದು ರಾತ್ರಿಯಾದರೂ ಸಾರಿಗೆ ಖಾರ ಜಾಸ್ತಿಯಾಯಿತು ಅಂತ ತಕರಾರು ಮಾಡಿದ. ನನಗೆ ಎಷ್ಟು ಸಂತೋಷವಾಯಿತು ಗೊತ್ತೇ!

ಅಟ್ಟದ ಚೀಲ ತಳ ಕಂಡಿತು. ಕೆಂಪನಂಜಪ್ಪ ಈ ಸಂತೆಯಲ್ಲಿ ಒಂದು ಮೂಟೆ ಅಂಟುವಾಳ ತರಲು ಬರುತ್ತಿದ್ದಾನೆ. ಅವನಿಗೆ ರೇಷ್ಮೆ ಗೊತ್ತೇ ಹೊರತು ಕಾಯಿ ಗೊತ್ತಿಲ್ಲ, ಹುಳ ಬಿದ್ದದ್ದನ್ನೇ ಕಟ್ಟಿಬಿಡುತ್ತಾರೆ. ನಿಮ್ಮಮ್ಮನಿಗೆ ಒಂದು ಸಲ ಸಂತೆಗೆ ಹೋಗಿ ಆರಿಸಿಕೊಡಲು ಹೇಳು. ಮಂಡಿ ನೋವಿದ್ದರೆ ಬೇಡ. ಕೂಸಿಗೆ ಎರಡು ಅಂಗಿ ಹೊಲಿದು ಕಳಿಸಿದ್ದೇನೆ, ಕೈ ಸ್ವಲ್ಪ ಉದ್ದ ಬಿಟ್ಟಿದ್ದೇನೆ, ಬೆಳೆಯುವ ಮಗು. ಬೆಳಗಿನ ಹೊತ್ತು ಕಿವಿಗೆ ಬಟ್ಟೆ ಕಟ್ಟು.

ಮಾವನವರ ಆಶೀರ್ವಾದ ನಿನಗೂ ಕೂಸಿಗೂ. ವೆಂಕಟಸ್ವಾಮಿ ಏನೂ ಹೇಳಿಲ್ಲ, ಕಾಗದ ಬರೆಯುತ್ತಿದ್ದೀಯಾ ಅಂತ ಮೂರು ಸಲ ಬಂದು ಕೇಳಿ ಹೋದ. ನಿಮ್ಮ ಮನೆಯ ದೊಡ್ಡವರಿಗೆಲ್ಲ ನಮಸ್ಕಾರ, ಚಿಕ್ಕವರಿಗೆಲ್ಲ ಪ್ರೀತಿ. ನೂರು ಕಾಲ ಮುತ್ತೈದೆಯಾಗಿ, ಮಕ್ಕಳ ತಾಯಾಗಿ ತಣ್ಣಗೆ ಬಾಳು.

ಇಂತಿ ನಿನ್ನ ಅತ್ತೆ,
ಮಹದೇವಮ್ಮ

ತಾ. ಕ. — ಕೆಂಪನಂಜಪ್ಪ ಬಾಗಿಲಲ್ಲಿ ನಿಂತು, "ಬಸ್ಸು ಒಂಟೋಯ್ತದೆ ಕಣಕ್ಕೋ" ಅಂತ ಬಡಿದುಕೊಳ್ಳುತ್ತಿದ್ದಾನೆ. ಇಷ್ಟು ಹಾಳೆ ತುಂಬಿಸಿ ಹೇಳಬೇಕಾದ್ದನ್ನೇ ಹೇಳಲಿಲ್ಲ. ಶಿವಮಲ್ಲಪ್ಪನಿಗೆ ರಸ್ತೆಗೆ ಎಣ್ಣೆ ಹೊಯ್ಯಲು ಹೇಳಿದ ಆ "ಯಾರೋ" ನಾನೇ. ಮೇಟೂರಿಗೆ ಹೋದಾಗ ಪಾಲಾರ್ ಹತ್ತಿರ ಹೀಗೆ ಧೂಳು ಕೂರಿಸಿದ್ದನ್ನು ಬಸ್ಸಿನಿಂದ ಕಂಡಿದ್ದೆ. ಆಷಾಢದಲ್ಲಿ ನಾನೇ ಶೆಡ್ಡಿಗೆ ಹೋಗಿ, ಹಾಗೆ ಮಾಡಪ್ಪಾ, ನಮ್ಮ ಹಾಸು ಉಳಿಯಲಿ ಅಂತ ಅಪ್ಪಣೆ ಕೊಟ್ಟು ಬಂದೆ. ಅವನು ಮರ್ಯಾದಸ್ತ, ಮಾವನವರ ಮುಂದೆ ನನ್ನ ಹೆಸರು ತೆಗೆಯಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಎಣ್ಣೆ ನನ್ನದು, ಬೈಗುಳ ನಿನಗೆ. ತಪ್ಪಾಯಿತು ಮಗಳೇ. ಇದು ನಿನ್ನ ಮಾವನವರಿಗೂ ಗೊತ್ತಿಲ್ಲ, ಗಂಡನಿಗೂ ಗೊತ್ತಿಲ್ಲ, ಮೊದಲು ನಿನಗೇ ಹೇಳಬೇಕು ಅನ್ನಿಸಿತು. ಯುಗಾದಿಗೆ ಇನ್ನು ಎರಡು ವಾರವಿದೆ. ಹಿಂದಿನ ದಿನ ನಿನ್ನನ್ನು ಕರೆಯಲು ನಾನೇ ಬಸ್ಸಿನಲ್ಲಿ ಹನೂರಿಗೆ ಬರುತ್ತೇನೆ. ಆ ನಿಂಬೆ ಹಳದಿ ಸೀರೆಯನ್ನು ಅಂಟುವಾಳದಲ್ಲಿ ತೊಳೆದೆ, ಆರು ಚುಕ್ಕೆ ಹೋದವು, ಒಂದು ಹೋಗಿಲ್ಲ. ಅದನ್ನೇ ಉಟ್ಟು, ಆ ಚುಕ್ಕೆ ಎಲ್ಲರಿಗೂ ಕಾಣುವ ಹಾಗೆ ಸೆರಗು ಹೊದ್ದು ಬರುತ್ತೇನೆ. ನೀನು ಬಂದರೆ ಹಬ್ಬದ ಬೆಳಗ್ಗೆ ಬೀದಿಯವರನ್ನೆಲ್ಲ ಕರೆದು, ಅವತ್ತು ನಿಂತ ಜಾಗದಲ್ಲೇ ನಿಂತು ಹೇಳುತ್ತೇನೆ, ಆಮೇಲೆ ನಿನಗೆ ಎಣ್ಣೆನೀರು ನನ್ನ ಕೈಯಿಂದಲೇ. ಬರುವುದಿಲ್ಲ ಅಂದರೂ ನಾನು ಬೀದಿಯಲ್ಲಿ ಹೇಳುವುದು ಹೇಳುವುದೇ. ಅಂಗಿಗಳ ಕೆಳಗೆ ಒಂದು ಬಾಟಲಿ ಹರಳೆಣ್ಣೆ ಇಟ್ಟಿದ್ದೇನೆ, ಬಿರಡೆ ಸಡಿಲ, ನಿಲ್ಲಿಸಿ ಇಡು. ಇವತ್ತು ಮಧ್ಯಾಹ್ನವೇ ನಿಮ್ಮಮ್ಮನ ಕೈಲಿ ತಟ್ಟಿಸಿಕೋ. ಕೆಂಪನಂಜಪ್ಪ ಸಂಜೆ ಬಸ್ಸಿಳಿದ ಕೂಡಲೇ ನಾನು ಕೇಳುವುದು ಅಂಟುವಾಳ ಎಷ್ಟು ಸಿಕ್ಕಿತು ಅಂತಲ್ಲ, ವಸಂತಳ ತಲೆ ಹೇಗಿತ್ತ‌ಪ್ಪಾ ಅಂತ.